ಚೀನಾದಲ್ಲಿ ಇಂಗ್ಲಿಷ್ ಕಲಿಸೋಕೆ ಬಿ.ಎಡ್. ಬೇಕಾ?

ಪ್ರಶ್ನೆ: ನಾನು ದಾವಣಗೆರೆಯವಳು. ಇಂಗ್ಲಿಷ್ ಐಚ್ಛಿಕ ತಗೊಂಡು ಬಿ.ಎ. ಮಾಡಿದ್ದೇನೆ. ಎರಡು ವರ್ಷದಿಂದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಬಿ.ಎಡ್. ಆಗಿಲ್ಲ. ಏಜೆಂಟ್ ಒಬ್ಬರು ಚೀನಾದಲ್ಲಿ ಟೀಚರ್ ಕೆಲಸ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಅಲ್ಲಿ ಬಿ.ಎಡ್. ಯಾರೂ ಕೇಳಲ್ಲವಂತೆ, ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟ್ ಮಾಡಿಕೊಂಡರೆ ಸಾಕಂತೆ. ಮೊದಲು ಬಿಸಿನೆಸ್ ವೀಸಾದಲ್ಲಿ ಹೋಗಿ, ಕೆಲಸದ ವೀಸಾ ಅಲ್ಲೇ ಮಾಡಿಸೋಣ ಅಂತಾರೆ. ನನ್ನ ದೊಡ್ಡಪ್ಪನ ಮಗಳು ಕೆನಡಾ ಪ್ರಜೆ. ಅವಳು ಬಿ.ಎಡ್. ಇಲ್ಲದೆಯೇ ಅಲ್ಲಿ ಎರಡು ವರ್ಷ ಪಾಠ ಮಾಡಿ ಬಂದಳು. ಏಜೆಂಟ್ ಮಾತು ನಂಬಬಹುದೇ?

ಉತ್ತರ: ನಿಮ್ಮ ಪತ್ರದ ಕೊನೆಯ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಅದು ತಡ ಮಾಡುವಂಥದ್ದಲ್ಲ. ಬಿಸಿನೆಸ್ ವೀಸಾದಲ್ಲಿ ಹೋಗಬೇಡಿ. ಟಿಕೆಟ್ ಬುಕ್ ಆಗಿದ್ದರೂ ಸರಿ, ಅಡ್ವಾನ್ಸ್ ಕೊಟ್ಟಿದ್ದರೂ ಸರಿ, ಹೋಗಬೇಡಿ. ಯಾಕೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ಈಗ ಬಿ.ಎಡ್. ಮಾತು. ಇದರಲ್ಲಿ ಏಜೆಂಟ್ ಸುಳ್ಳು ಹೇಳಿಲ್ಲ. ಚೀನಾದಲ್ಲಿ ಇಂಗ್ಲಿಷ್ ಕಲಿಸುವ ವಿದೇಶಿಯರಿಗೆ ಬಿ.ಎಡ್. ಆಗಲಿ, ಅದಕ್ಕೆ ಸಮನಾದ ಲೈಸೆನ್ಸ್ ಆಗಲಿ ಕಡ್ಡಾಯವಲ್ಲ. ಮುಂಚೆ ಅಲ್ಲಿ ವಿದೇಶಿಯರ ಕೆಲಸಕ್ಕೆ ಎರಡು ಇಲಾಖೆ, ಎರಡು ಥರದ ಕಾಗದ ಇದ್ದವು. 2017ರ ಏಪ್ರಿಲ್‌ನಿಂದ ಇಡೀ ದೇಶಕ್ಕೆ ಒಂದೇ ವರ್ಕ್ ಪರ್ಮಿಟ್. ಅದರಲ್ಲಿ ಎ, ಬಿ, ಸಿ ಅಂತ ಮೂರು ಗುಂಪು. ಭಾಷೆ ಕಲಿಸುವವರು ಸಾಮಾನ್ಯವಾಗಿ ಬಿ ಗುಂಪಿಗೆ ಬರುತ್ತಾರೆ. ಅವರಿಗೆ ಒಂದು ಪದವಿ ಇರಬೇಕು, ಭಾಷೆ ಕಲಿಸಿದ ಎರಡು ವರ್ಷದ ಅನುಭವ ಇರಬೇಕು. ಪದವಿಯೇ ಶಿಕ್ಷಣದ್ದೋ ಭಾಷೆಯದ್ದೋ ಆಗಿದ್ದರೆ ಅನುಭವ ಕೇಳುವುದಿಲ್ಲ. ಸ್ವಂತ ದೇಶದ ಟೀಚರ್ ಸರ್ಟಿಫಿಕೇಟ್ ಇದ್ದರೂ ಅಷ್ಟೇ, ಟೆಫಲ್ ಥರದ ಸರ್ಟಿಫಿಕೇಟ್ ಇದ್ದರೂ ಅಷ್ಟೇ. ಇದರ ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಮತ್ತು ಆರೋಗ್ಯ ತಪಾಸಣೆ. ಬೀಜಿಂಗ್, ಶಾಂಘೈನಂಥ ದೊಡ್ಡ ಊರುಗಳಲ್ಲಿ ಕಾಗದಗಳನ್ನು ಇನ್ನೂ ಬಿಗಿಯಾಗಿ ನೋಡುತ್ತಾರೆ.

ಅಂದರೆ ಟೊರಾಂಟೊದಲ್ಲಿ ಕಾಮರ್ಸ್ ಓದಿದ ಹುಡುಗಿ 120 ಗಂಟೆಯ ಒಂದು ಕೋರ್ಸ್ ಮುಗಿಸಿದರೆ ಬಾಗಿಲು ತೆರೆಯುತ್ತದೆ. ನಿಮ್ಮ ಅಕ್ಕನಿಗೆ ಆಗಿದ್ದು ಬಹುಶಃ ಇದೇ. ಅವರು ಯಾರನ್ನೂ ಮೋಸ ಮಾಡಿ ಹೋಗಿಲ್ಲ, ನಿಯಮವೇ ಹಾಗಿದೆ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಅದನ್ನು ನಿಮ್ಮ ಏಜೆಂಟ್ ಹೇಳಿಲ್ಲ. ವಿದೇಶಿ ಭಾಷಾ ಶಿಕ್ಷಕರು ತಾತ್ವಿಕವಾಗಿ ತಮ್ಮ ತಾಯ್ನುಡಿಯನ್ನೇ ಕಲಿಸಬೇಕು ಅಂತ ಅದು ಹೇಳುತ್ತದೆ. ನಿಮ್ಮ ತಾಯ್ನುಡಿ ಯಾವುದು ಅಂತ ಆಫೀಸಿನವರು ನಿಮ್ಮನ್ನು ಮಾತಾಡಿಸಿ ತಿಳಿಯುವುದಿಲ್ಲ. ಪಾಸ್‌ಪೋರ್ಟ್ ನೋಡಿ ತೀರ್ಮಾನ ಮಾಡುತ್ತಾರೆ. ಇಂಗ್ಲಿಷಿನ ಮಟ್ಟಿಗೆ ರೂಢಿಯಲ್ಲಿರುವುದು ಏಳು ದೇಶ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ಭಾರತ ಇದರಲ್ಲಿ ಇಲ್ಲ.

ನಿಮ್ಮ ಕಾಗದಗಳನ್ನೇ ನೋಡಿ. ಪದವಿ ಇದೆ, ಅದೂ ಭಾಷೆಯ ಪದವಿ. ಎರಡು ವರ್ಷದ ಅನುಭವವೂ ಇದೆ. ಓದಿನ ಲೆಕ್ಕದಲ್ಲಿ ನೀವು ನಿಮ್ಮ ಅಕ್ಕನಿಗಿಂತ ಒಂದು ಕೈ ಮೇಲೇ ಇದ್ದೀರಿ. ಅಡ್ಡಿ ಇರುವುದು ಪಾಸ್‌ಪೋರ್ಟ್‌ನ ಬಣ್ಣದಲ್ಲಿ. ಇದು ನ್ಯಾಯವಾ ಅಂತ ಕೇಳಿದರೆ, ಅಲ್ಲ ಅಂತಲೇ ನಾನು ಹೇಳುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಮನೆಯಲ್ಲಿ ಇಂಗ್ಲಿಷ್ ಆಡುವವರು ನೂರಕ್ಕೆ ಹತ್ತು ಜನಕ್ಕಿಂತ ಕಡಿಮೆ. ಅಲ್ಲಿ ಜುಲು, ಖೋಸಾ ಆಡುತ್ತಾ ಬೆಳೆದು ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರಿಗೂ ಪಾಸ್‌ಪೋರ್ಟ್ ದಾರಿ ಬಿಡುತ್ತದೆ. ಅವರಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ನಮ್ಮವರಿಗೆ ಯಾಕಿಲ್ಲ ಅನ್ನುವುದಷ್ಟೇ ನನ್ನ ನೋವು. ಆದರೆ ನೋವು ತೋಡಿಕೊಂಡರೆ ಪರ್ಮಿಟ್ ಸಿಗುವುದಿಲ್ಲ, ಅಲ್ವಾ?

ನಾನೂ ಭಾರತದವಳೇ, ಆದರೂ ಚೀನಾದಲ್ಲಿ ಇಂಗ್ಲಿಷ್ ಕಲಿಸಿ ಬಂದವಳು. ನಾನು ಹೇಗೆ ಹೋದೆ ಅಂತ ನೀವು ಕೇಳಬಹುದು. ನಾನು ಮೈಸೂರಿನಲ್ಲಿ ಬಿ.ಎಡ್. ಮಾಡಿ, ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ಆಮೇಲೆ ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಬೋಧನೆಯಲ್ಲೇ ಎಂ.ಎ. ಮಾಡಿದೆ. ನಿಯಮದಲ್ಲಿ ‘ತಾತ್ವಿಕವಾಗಿ’ ಅನ್ನುವ ಪದ ಇದೆ ಅಂದೆನಲ್ಲ, ಕೆಲವು ಪ್ರಾಂತ್ಯಗಳು ಅದನ್ನು ಸ್ವಲ್ಪ ಸಡಿಲವಾಗಿ ನೋಡುತ್ತವೆ. ಇಂಗ್ಲಿಷ್ ನಾಡಿನ ವಿಶ್ವವಿದ್ಯಾಲಯದ ಪದವಿ, ಜೊತೆಗೆ ಎರಡು ವರ್ಷದ ಅನುಭವ ಇದ್ದರೆ ಬೇರೆ ದೇಶದವರನ್ನೂ ಅಲ್ಲಲ್ಲಿ ತಗೊಳ್ಳುತ್ತಾರೆ. ಆ ಸಂದಿಯಲ್ಲಿ ನಾನು ಸಿಚುವಾನ್ ಪ್ರಾಂತ್ಯದ ಒಂದು ಹೈಸ್ಕೂಲು ಸೇರಿದೆ. ಐದು ವರ್ಷ ಅಲ್ಲಿದ್ದೆ. ಈಗ ಬೆಂಗಳೂರಿನಲ್ಲಿ ಟೀಚರುಗಳಿಗೆ ತರಬೇತಿ ಕೊಡುತ್ತೇನೆ. ಹಾಗಾಗಿ ಇನ್ನು ಮುಂದೆ ಹೇಳುವುದು ಬರೀ ನಿಯಮದ ಮಾತಲ್ಲ. ಕಣ್ಣಾರೆ ಕಂಡದ್ದು.

ಪರ್ಮಿಟ್ ಸಿಗೋದಕ್ಕೆ ಬೇಕಾದದ್ದು ಬೇರೆ, ತರಗತಿಯಲ್ಲಿ ನಿಲ್ಲೋದಕ್ಕೆ ಬೇಕಾದದ್ದು ಬೇರೆ. ಇದು ನನಗೆ ಅರ್ಥವಾಗಿದ್ದು ಒಂದು ಬೆಳಗ್ಗೆ. ನಮ್ಮ ಶಾಲೆಗೆ ಹೊಸದಾಗಿ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತಮೂರು ವರ್ಷ, ಭೂಗೋಳದಲ್ಲಿ ಪದವಿ, ಆನ್‌ಲೈನ್ ಟೆಫಲ್. ತುಂಬಾ ಒಳ್ಳೆಯವನು, ಉತ್ಸಾಹ ಉಕ್ಕುತ್ತಿತ್ತು. ಮೊದಲ ಕ್ಲಾಸಿಗೆ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮುಂದೆ ನಲವತ್ತೆಂಟು ಮಕ್ಕಳು. ಪ್ರತಿ ಡೆಸ್ಕ್ ಮೇಲೆ ಬಿಸಿನೀರಿನ ಫ್ಲಾಸ್ಕ್. ಅವನು ಹತ್ತು ನಿಮಿಷ ಮಾತಾಡಿದ. ತನ್ನ ಊರು, ನಾಯಿ, ಫುಟ್ಬಾಲು. ಆಮೇಲೆ ‘ಅರ್ಥ ಆಯ್ತಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದ. ನಲವತ್ತೆಂಟು ಮಕ್ಕಳೂ ಒಂದೇ ದನಿಯಲ್ಲಿ ‘ಯೆಸ್’ ಅಂದರು. ಅವನಿಗೆ ಖುಷಿಯಾಯಿತು. ‘ಹಾಗಾದರೆ ನನ್ನ ನಾಯಿ ಹೆಸರೇನು?’ ಅಂದ. ಒಬ್ಬರೂ ತಲೆ ಎತ್ತಲಿಲ್ಲ. ಅವನು ಅದನ್ನೇ ಇನ್ನೂ ಜೋರಾಗಿ ಕೇಳಿದ. ಮಕ್ಕಳು ಇನ್ನೂ ತಗ್ಗಿದರು. ಅವನ ಕುತ್ತಿಗೆ ಕೆಂಪಾಗಿದ್ದು ನನಗೆ ಹಿಂದಿನ ಬೆಂಚಿಗೂ ಕಾಣುತ್ತಿತ್ತು.

ಪಕ್ಕದಲ್ಲಿದ್ದ ಚೀನೀ ಮೇಡಂ ಎದ್ದು ಹೋದರು. ಬೋರ್ಡಿನ ಮೇಲೆ ಒಂದು ನಾಯಿಯ ಚಿತ್ರ ಬರೆದರು, ಪಕ್ಕದಲ್ಲಿ ಮೂರು ಹೆಸರು ಬರೆದರು. ಅಕ್ಕಪಕ್ಕದವರು ಇಬ್ಬಿಬ್ಬರು ಮಾತಾಡಿಕೊಳ್ಳಿ, ಒಂದು ನಿಮಿಷ ಆದ ಮೇಲೆ ಕೈ ಎತ್ತಿ ಅಂದರು. ಕೋಣೆಯಲ್ಲಿ ಗುಜುಗುಜು ಶುರುವಾಯಿತು. ನಿಮಿಷ ಕಳೆಯುವುದರೊಳಗೆ ಮೂವತ್ತು ಕೈ ಮೇಲೆ. ತಪ್ಪು ಹೇಳಿ ಎಲ್ಲರೆದುರು ಮುಖ ಕಳೆದುಕೊಳ್ಳಲು ಆ ಮಕ್ಕಳು ತಯಾರಿರಲಿಲ್ಲ. ಗೆಳೆಯನ ಜೊತೆ ತಪ್ಪು ಹೇಳಲು ತಯಾರಿದ್ದರು. ಇಷ್ಟು ತಿಳಿದಿದ್ದರೆ ಸಾಕಿತ್ತು. ಆ ಹುಡುಗನಿಗೆ ಇಂಗ್ಲಿಷ್ ನನಗಿಂತ, ಆ ಮೇಡಂಗಿಂತ ಸಲೀಸು. ಆದರೆ ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಆ ಮೇಡಂ ಆ ಕೋಣೆಗೆ ಬರುವ ಮುಂಚೆ ಏನೇನು ದಾಟಿ ಬಂದಿದ್ದರು ಗೊತ್ತಾ? ಚೀನಾದ ಶಿಕ್ಷಕರ ಕಾನೂನು 1993ರದ್ದು. ಅದರ ಪ್ರಕಾರ ಅಲ್ಲಿನ ಪ್ರಜೆಗಳು ಟೀಚರ್ ಆಗಬೇಕಾದರೆ ಸರ್ಕಾರದ ಶಿಕ್ಷಕ ಅರ್ಹತಾ ಪತ್ರ ಇರಲೇಬೇಕು. ಬರವಣಿಗೆಯ ಪರೀಕ್ಷೆ, ಆಮೇಲೆ ಸಂದರ್ಶನ, ಅದರಲ್ಲಿ ಪಾಠ ಮಾಡಿ ತೋರಿಸಬೇಕು. ಇದು ಸಾಲದು ಅಂತ ಪುಟೋಂಗ್‌ಹ್ವಾ, ಅಂದರೆ ಪ್ರಮಾಣಿತ ಚೀನೀ ಮಾತಿನ ಉಚ್ಚಾರಣೆಯ ಪರೀಕ್ಷೆ ಬೇರೆ. ವಿದೇಶಿ ಟೀಚರ್‌ಗೆ ಅಲ್ಲಿ ‘ವೈಜ್ಯಾವ್’ ಅನ್ನುತ್ತಾರೆ. ಒಂದೇ ಕೋಣೆ, ಅದೇ ಮಕ್ಕಳು. ಚೀನೀ ಮೇಡಂಗೆ ಇಷ್ಟೆಲ್ಲ, ವೈಜ್ಯಾವ್‌ಗೆ 120 ಗಂಟೆಯ ಆನ್‌ಲೈನ್ ಕೋರ್ಸ್. ಸಂಬಳ ಮಾತ್ರ ಬಹಳ ಕಡೆ ವೈಜ್ಯಾವ್‌ಗೇ ಜಾಸ್ತಿ. ಆ ಮೇಡಂ ನನ್ನ ಹತ್ತಿರ ಒಂದು ದಿನವೂ ದೂರಲಿಲ್ಲ. ನನಗೇ ಸಂಕಟವಾಗುತ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಖಡಾಖಂಡಿತ: ತರಬೇತಿಯನ್ನು ಕಾನೂನು ಕೇಳದೇ ಇರಬಹುದು, ಮಕ್ಕಳಿಗೆ ಅದು ಬೇಕು. ಟೀಚರ್ ತರಬೇತಿ ಇಲ್ಲದೆ ಪರದೇಶದ ಮಕ್ಕಳ ಮುಂದೆ ನಿಲ್ಲುವುದು ಅವರ ಒಂದು ವರ್ಷವನ್ನು ಹಾಳು ಮಾಡಿದ ಹಾಗೆ. ಆ ಮಕ್ಕಳಿಗೆ ಇಂಗ್ಲಿಷ್ ಆಟದ ಪೀರಿಯಡ್ ಅಲ್ಲ. ಗಾವ್‌ಕಾವ್ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಬಹುತೇಕ ಎಲ್ಲ ಕಡೆ 150 ಅಂಕ, ಚೀನೀ ಭಾಷೆಗೂ ಗಣಿತಕ್ಕೂ ಎಷ್ಟೋ ಅಷ್ಟೇ. ಮೂರನೇ ಕ್ಲಾಸಿನಿಂದ ಕಲಿಯುತ್ತಾ ಬಂದಿರುತ್ತಾರೆ.

ಸರ್ಟಿಫಿಕೇಟ್‌ಗಳಲ್ಲೂ ವ್ಯತ್ಯಾಸ ಇದೆ, ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ‘ಟೆಫಲ್’ ಅನ್ನುವುದು ಒಂದು ಸಂಸ್ಥೆಯ ಹೆಸರಲ್ಲ, ಯಾರು ಬೇಕಾದರೂ ಆ ಹೆಸರಿನ ಕೋರ್ಸ್ ನಡೆಸಬಹುದು. ವಿಡಿಯೊ ನೋಡಿ, ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಿ, ಸರ್ಟಿಫಿಕೇಟ್ ಇಳಿಸಿಕೊಳ್ಳುವ ಕೋರ್ಸ್‌ಗಳು ಎಷ್ಟೋ ಇವೆ. ಒಬ್ಬ ಮಗುವಿನ ಮುಖವನ್ನೂ ನೋಡದೆ ಮುಗಿಸಬಹುದು. ಇನ್ನೊಂದು ಕಡೆ ಕೇಂಬ್ರಿಡ್ಜ್‌ನವರ ಸೆಲ್ಟಾ ಇದೆ. ಅದಕ್ಕೂ ಸುಮಾರು 120 ಗಂಟೆಯೇ. ಆದರೆ ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ತರಬೇತುದಾರರು ಕೂತು ನೋಡುತ್ತಾರೆ, ಆಮೇಲೆ ಒಂದೊಂದು ತಪ್ಪನ್ನೂ ಎತ್ತಿ ಹೇಳುತ್ತಾರೆ. ನಾಲ್ಕೈದು ವಾರ ನಿದ್ದೆ ಕೆಡಿಸುವ ಕೋರ್ಸ್ ಅದು. ಪರ್ಮಿಟ್ ಆಫೀಸಿನಲ್ಲಿ ಎರಡಕ್ಕೂ ಹೆಚ್ಚೂಕಡಿಮೆ ಒಂದೇ ಬೆಲೆ. ತರಗತಿಯಲ್ಲಿ ಅಜಗಜಾಂತರ. ಕೊಳ್ಳುವುದಾದರೆ, ನೀವು ಪಾಠ ಮಾಡುವುದನ್ನು ಒಬ್ಬರಾದರೂ ಕೂತು ನೋಡುವ ಕೋರ್ಸನ್ನೇ ಕೊಳ್ಳಿ.

ಇಲ್ಲಿ ಒಂದು ವಿಷಯ ನಿಮಗೆ ಧೈರ್ಯ ತುಂಬಲಿ ಅಂತ ಹೇಳುತ್ತೇನೆ. ಇಂಗ್ಲಿಷನ್ನು ಕಲಿತು ಪಡೆದವರಿಗೆ, ಅದರಲ್ಲಿ ಹುಟ್ಟಿದವರಿಗೆ ಕಾಣದ ಕೆಲವು ಕಲ್ಲುಮುಳ್ಳು ಕಾಣುತ್ತವೆ. ನಾವು ಕನ್ನಡದಲ್ಲಿ ‘ನಿನ್ನೆ ಅವನನ್ನ ನೋಡಿದ್ದೇನೆ’ ಅಂತ ಸಲೀಸಾಗಿ ಅನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ತಂದು ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಅಂದು ಮೇಷ್ಟ್ರ ಕೈಲಿ ಬೈಸಿಕೊಂಡವರು ನಾವೆಲ್ಲ. ಅದು ಯಾಕೆ ತಪ್ಪು ಅಂತ ನಮಗೆ ಬಿಡಿಸಿ ಹೇಳಲು ಬರುತ್ತದೆ, ಯಾಕೆಂದರೆ ನಾವೇ ಅಲ್ಲಿ ಎಡವಿದ್ದೇವೆ. ಆ ಭೂಗೋಳದ ಹುಡುಗನನ್ನು ಮಕ್ಕಳು ಇದನ್ನೇ ಕೇಳಿದಾಗ ಅವನು ‘ಕಿವಿಗೆ ಸರಿ ಅನ್ನಿಸಲ್ಲ’ ಅಂದ. ಅವನಿಗೆ ಅಷ್ಟೇ ಗೊತ್ತಿದ್ದದ್ದು.

ಚೀನೀ ಮಕ್ಕಳು ಎಡವುವ ಜಾಗವೇ ಬೇರೆ. ಮಾತಿನಲ್ಲಿ ಅವರಿಗೆ ಅವನು, ಅವಳು, ಅದು ಮೂರಕ್ಕೂ ‘ಥಾ’ ಒಂದೇ ಉಲಿ. ಬರೆಯುವಾಗ ಮಾತ್ರ ಅಕ್ಷರ ಬೇರೆ. ಹಾಗಾಗಿ ಚೆನ್ನಾಗಿ ಓದುವ ಹುಡುಗಿ ಕೂಡ ತನ್ನ ಅಮ್ಮನ ಬಗ್ಗೆ ಹೇಳುತ್ತಾ ‘ಹಿ ಈಸ್ ಎ ನರ್ಸ್’ ಅಂದುಬಿಡುತ್ತಾಳೆ. ಅವಳಿಗೆ ವ್ಯಾಕರಣ ಬರುವುದಿಲ್ಲ ಅಂತಲ್ಲ, ಬಾಯಿಗೆ ಆ ಬೇರೆತನದ ರೂಢಿ ಇಲ್ಲ. ಕ್ರಿಯಾಪದವೂ ಹಾಗೆಯೇ. ನಾವು ಹೋದೆ, ಹೋಗುತ್ತೇನೆ ಅಂತ ಪ್ರತ್ಯಯ ಬದಲಿಸುತ್ತೇವೆ. ಅವರ ಭಾಷೆಯಲ್ಲಿ ಕ್ರಿಯಾಪದದ ರೂಪ ಕಾಲಕ್ಕೆ ತಕ್ಕ ಹಾಗೆ ಬದಲಾಗುವುದೇ ಇಲ್ಲ. ‘ನಿನ್ನೆ’ ಅಂದಮೇಲೆ ಮುಗಿಯಿತು. ಹಾಗಾಗಿ ‘ಯೆಸ್ಟರ್ಡೇ ಐ ಗೋ’. ಇದು ಗೊತ್ತಿರುವ ಟೀಚರ್ ಬೈಯುವುದಿಲ್ಲ. ಅಮ್ಮ, ಅಪ್ಪ, ತಂಗಿ ಮೂವರ ಫೋಟೊ ತರಿಸಿ, ವಾರವಿಡೀ ಅವರ ಬಗ್ಗೆಯೇ ಮಾತಾಡಿಸುತ್ತಾಳೆ. ನಾನು ಹಾಗೆ ಮಾಡಿದೆ. ವಾರದ ಕೊನೆಗೆ ಮಕ್ಕಳೇ ಒಬ್ಬರನ್ನೊಬ್ಬರು ‘ಶಿ, ಶಿ!’ ಅಂತ ತಿದ್ದುತ್ತಿದ್ದರು. ಇದನ್ನೆಲ್ಲ ನನಗೆ ಕೊಟ್ಟದ್ದು ಬಿ.ಎಡ್. ಮತ್ತು ಎಂ.ಎ., ಪಾಸ್‌ಪೋರ್ಟ್ ಅಲ್ಲ.

ಈಗ ವೀಸಾ ವಿಷಯಕ್ಕೆ ಬರೋಣ. ಚೀನಾದಲ್ಲಿ ಕೆಲಸಕ್ಕೆ ಇರುವುದು ಝಡ್ ವೀಸಾ. ಮೊದಲು ಅಲ್ಲಿನ ಶಾಲೆ ನಿಮ್ಮ ಹೆಸರಿನಲ್ಲಿ ವರ್ಕ್ ಪರ್ಮಿಟ್‌ನ ಸೂಚನಾ ಪತ್ರ ತೆಗೆಸಬೇಕು. ಅದನ್ನು ತೋರಿಸಿ ನೀವು ಇಲ್ಲಿಂದ ಝಡ್ ವೀಸಾ ಪಡೆಯಬೇಕು. ಅಲ್ಲಿ ಇಳಿದ ಮೇಲೆ ವರ್ಕ್ ಪರ್ಮಿಟ್, ಮತ್ತು 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ. ಬಿಸಿನೆಸ್ ವೀಸಾ, ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡುವ ಹಾಗಿಲ್ಲ. ವಿದ್ಯಾರ್ಥಿ ವೀಸಾದವರೂ ಅನುಮತಿ ಇಲ್ಲದೆ ಮಾಡುವ ಹಾಗಿಲ್ಲ. ‘ಅಲ್ಲೇ ಬದಲಾಯಿಸೋಣ’ ಅನ್ನುವುದು ಮಾಮೂಲಿ ಟೀಚರುಗಳಿಗೆ ಆಗುವ ಮಾತಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು ಇಂಗ್ಲಿಷ್ ಟೀಚರ್ ಅಂತ ಅರ್ಜಿ ಹಾಕುವವರಿಗಂತೂ ಅಲ್ಲವೇ ಅಲ್ಲ. ಅದು ಏಜೆಂಟ್‌ಗೂ ಗೊತ್ತು. ಅದಕ್ಕೇ ಬಿಸಿನೆಸ್ ವೀಸಾ ಅಂತಿರುವುದು.

ಸಿಕ್ಕಿಬಿದ್ದರೆ ಏನಾಗುತ್ತದೆ? 2013ರ ಜುಲೈನಿಂದ ಜಾರಿಯಲ್ಲಿರುವ ಪ್ರವೇಶ ನಿರ್ಗಮನ ಕಾನೂನಿನ ಪ್ರಕಾರ ಅಕ್ರಮವಾಗಿ ಕೆಲಸ ಮಾಡಿದವರಿಗೆ 5,000ದಿಂದ 20,000 ಯುವಾನ್ ದಂಡ. ತಪ್ಪು ದೊಡ್ಡದು ಅನ್ನಿಸಿದರೆ ದಂಡದ ಜೊತೆ 5ರಿಂದ 15 ದಿನ ಬಂಧನ. ಆಮೇಲೆ ದೇಶದಿಂದ ಹೊರಗೆ. ಕೆಲಸ ಕೊಟ್ಟ ಶಾಲೆಗೆ ಒಬ್ಬರಿಗೆ 10,000 ಯುವಾನ್‌ನಂತೆ ದಂಡ ಬೀಳುತ್ತದೆ. ಶಾಲೆ ಅದನ್ನು ಕಟ್ಟಿ ಮರುದಿನ ಬಾಗಿಲು ತೆಗೆಯುತ್ತದೆ. ನಿಮಗೆ ಹಾಗಾಗುವುದಿಲ್ಲ.

ನಾನು ಅಲ್ಲಿದ್ದಾಗ ನಮ್ಮ ಕಡೆಯ ಒಬ್ಬ ಹುಡುಗ ವಿದ್ಯಾರ್ಥಿ ವೀಸಾದಲ್ಲಿದ್ದು ಸಂಜೆ ಹೊತ್ತು ಒಂದು ಟ್ಯೂಷನ್ ಸೆಂಟರಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಒಂದು ಶನಿವಾರ ಪೊಲೀಸರು ಬಂದರು. ಸೆಂಟರಿನವರು ‘ಈತ ಯಾರೋ ನಮಗೆ ಗೊತ್ತಿಲ್ಲ, ಸುಮ್ನೆ ನೋಡೋಕೆ ಬಂದಿದ್ದ’ ಅಂದುಬಿಟ್ಟರು. ಬೋರ್ಡಿನ ಮೇಲೆ ಅವನದೇ ಅಕ್ಷರ ಇತ್ತು, ಕೈಯಲ್ಲಿ ಮಾರ್ಕರ್ ಇತ್ತು. ಹತ್ತು ದಿನ ಆದಮೇಲೆ ನಾನು ಅವನ ಹಾಸ್ಟೆಲ್ ರೂಮಿನಿಂದ ಬಟ್ಟೆಬರೆ ಕಟ್ಟಿ ಕೊಟ್ಟು ಬಂದೆ. ಓದು ಅಲ್ಲಿಗೆ ನಿಂತಿತು. ಅವನ ತಾಯಿ ಫೋನಿನಲ್ಲಿ ಕೇಳಿದ್ದು ಒಂದೇ: ‘ಪಾಠ ಹೇಳಿಕೊಟ್ಟರೆ ತಪ್ಪೇನಮ್ಮಾ?’ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು. ಏಜೆಂಟ್ ತೋರಿಸುತ್ತಿರುವ ಕೆಲಸ ಟ್ಯೂಷನ್ ಸೆಂಟರಿನದಾದರೆ ಇನ್ನೂ ಹುಷಾರಾಗಿರಿ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ‘ಷುವಾಂಗ್ ಜ್ಯಾನ್’ ಅನ್ನುವ ನೀತಿ ತಂದಿತು. ಮಕ್ಕಳ ಮೇಲಿನ ಹೋಂವರ್ಕ್ ಮತ್ತು ಟ್ಯೂಷನ್, ಈ ಎರಡು ಹೊರೆ ಇಳಿಸುವುದು ಅದರ ಉದ್ದೇಶ. ಶಾಲೆಯ ಮುಖ್ಯ ವಿಷಯಗಳ ಟ್ಯೂಷನ್ನಿಂದ ಲಾಭ ಮಾಡುವ ಹಾಗಿಲ್ಲ, ಶನಿವಾರ, ಭಾನುವಾರ, ರಜಾದಿನಗಳಲ್ಲಿ ಆ ಪಾಠಗಳನ್ನು ನಡೆಸುವ ಹಾಗಿಲ್ಲ ಅಂತಾಯಿತು. ಇಂಗ್ಲಿಷೂ ಅದರೊಳಗೇ ಬರುತ್ತದೆ. ಹೊರದೇಶದಲ್ಲಿ ಕೂತ ಟೀಚರುಗಳಿಂದ ಆನ್‌ಲೈನ್ ಪಾಠ ಮಾಡಿಸುವುದೂ ನಿಂತಿತು. ಅಮೆರಿಕ, ಕೆನಡಾದ ಸಾವಿರಾರು ಟೀಚರುಗಳನ್ನು ಇಟ್ಟುಕೊಂಡಿದ್ದ ವಿಐಪಿಕಿಡ್‌ನಂಥ ದೊಡ್ಡ ಕಂಪನಿಯೇ ಆ ಆಗಸ್ಟ್‌ನಲ್ಲಿ ಹೊಸ ಕ್ಲಾಸ್ ಮಾರುವುದನ್ನು ನಿಲ್ಲಿಸಿತು. ಹಳೇ ಕಾಲದ ಕಥೆ ಹೇಳಿ ಕೆಲಸ ಮಾರುವ ಏಜೆಂಟುಗಳು ಮಾತ್ರ ಇನ್ನೂ ಇದ್ದಾರೆ.

ಹಾಗಾದರೆ ನೀವೇನು ಮಾಡಬೇಕು? ನನ್ನ ಮಾತು ಕೇಳುವುದಾದರೆ ಮೊದಲು ಬಿ.ಎಡ್. ಮಾಡಿ. ಚೀನಾಕ್ಕೆ ಅಂತಲ್ಲ, ನಿಮಗೆ ಅಂತ. ಅದು ಇಲ್ಲಿಯೂ ಬೇಕು, ಗಲ್ಫ್ ಕಡೆಯ ಭಾರತೀಯ ಶಾಲೆಗಳಲ್ಲೂ ಬೇಕು. ಚೀನಾದಲ್ಲೇ ಇಂಟರ್‌ನ್ಯಾಷನಲ್ ಶಾಲೆಗಳು ಇವೆ. ಅಲ್ಲಿ ಲೆಕ್ಕವೇ ಬೇರೆ: ಅವರು ಟೀಚರ್ ಲೈಸೆನ್ಸ್ ಮತ್ತು ಎರಡು ವರ್ಷದ ಅನುಭವ ಇಲ್ಲದವರ ಅರ್ಜಿಯನ್ನು ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಕಲಿಸುವವರಿಗೆ ತಾಯ್ನುಡಿಯ ಷರತ್ತು ಅನ್ವಯಿಸುವುದಿಲ್ಲ, ಹಾಗಾಗಿ ಬಿ.ಎಡ್. ಆದ ನಮ್ಮವರು ಆ ದಾರಿಯಲ್ಲಿ ಸರಿಯಾದ ಪರ್ಮಿಟ್ ಪಡೆದು ಹೋಗುತ್ತಾರೆ. ನಿಮ್ಮ ಸ್ನೇಹಿತರಲ್ಲಿ ಬಿ.ಎಸ್ಸಿ. ಬಿ.ಎಡ್. ಮಾಡಿದವರಿದ್ದರೆ ಇನ್ನೊಂದು ವಿಷಯ ತಿಳಿಸಿ. 2023ರಿಂದ ಇಂಗ್ಲೆಂಡಿನ ಅರ್ಹ ಶಿಕ್ಷಕರ ಮಾನ್ಯತೆಗೆ ಭಾರತದ ಗಣಿತ, ವಿಜ್ಞಾನ ಟೀಚರುಗಳೂ ಇಲ್ಲಿಂದಲೇ ಅರ್ಜಿ ಹಾಕಬಹುದು. ಆ ಮಾನ್ಯತೆಗೆ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ತೂಕ ಜಾಸ್ತಿ.

ಇಂಗ್ಲಿಷೇ ಕಲಿಸಬೇಕು, ಚೀನಾದಲ್ಲೇ ಕಲಿಸಬೇಕು ಅಂತ ಮನಸ್ಸು ಗಟ್ಟಿ ಇದ್ದರೆ, ನಾನು ಹೋದ ದಾರಿ ಇದೆ. ಅದು ಉದ್ದದ ದಾರಿ, ಖರ್ಚಿನ ದಾರಿ. ಬರೀ ಚೀನಾದ ಒಂದು ಕೆಲಸಕ್ಕೋಸ್ಕರ ಸಾಲ ಮಾಡಿ ಪರದೇಶದಲ್ಲಿ ಎಂ.ಎ. ಮಾಡಿ ಅಂತ ನಾನು ಹೇಳಲಾರೆ. ಅದಾದ ಮೇಲೂ ಯಾವ ಪ್ರಾಂತ್ಯದ ಆಫೀಸು ಏನನ್ನುತ್ತದೋ ನೋಡಿಯೇ ಹೆಜ್ಜೆ ಇಡಬೇಕು.

ಕಾಗದಪತ್ರದ ಬಗ್ಗೆ ಒಂದು ಸಣ್ಣ ಎಚ್ಚರಿಕೆ. 2023ರ ನವೆಂಬರ್ 7ರಿಂದ ಚೀನಾ ಅಪೊಸ್ಟಿಲ್ ಒಪ್ಪಂದಕ್ಕೆ (ಒಂದು ದೇಶದ ಕಾಗದವನ್ನು ಒಂದೇ ಮುದ್ರೆಯ ಮೇಲೆ ಇನ್ನೊಂದು ದೇಶ ಒಪ್ಪುವ ಒಪ್ಪಂದ) ಸೇರಿದೆ, ಒಂದು ಮುದ್ರೆ ಸಾಕು ಅಂತ ಕೆಲವರು ಹೇಳುತ್ತಾರೆ. ನಿಮ್ಮ ಅಕ್ಕನ ಕೆನಡಾಕ್ಕೆ ಅದು ಸರಿ. ಆದರೆ ಚೀನಾ ಸೇರುವುದಕ್ಕೆ ಭಾರತ ಆಕ್ಷೇಪ ಎತ್ತಿದ್ದರಿಂದ ನಮ್ಮಿಬ್ಬರ ನಡುವೆ ಆ ಒಪ್ಪಂದ ನಡೆಯುವುದಿಲ್ಲ. ನಮ್ಮ ಪದವಿ ಪತ್ರಕ್ಕೆ ರಾಜ್ಯದಲ್ಲಿ ಅಟೆಸ್ಟೇಷನ್, ಆಮೇಲೆ ವಿದೇಶಾಂಗ ಇಲಾಖೆ, ಆಮೇಲೆ ಚೀನಾ ರಾಯಭಾರ ಕಚೇರಿ, ಈ ಹಳೇ ಮೆಟ್ಟಿಲುಗಳೇ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ.

ಆ ಏಜೆಂಟ್ ಮತ್ತೆ ಫೋನ್ ಮಾಡಿದರೆ ಎರಡು ಕೇಳಿ. ಅವರು ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಇರುವ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿಸಿದ ಏಜೆಂಟಾ? ಆಗಿದ್ದರೆ ನಂಬರ್ ಕೊಡಲಿ, ಆ ವೆಬ್‌ಸೈಟಿನಲ್ಲಿ ನೀವೇ ನೋಡಿ. ಎರಡನೆಯದು, ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಶಾಲೆಯ ಹೆಸರು ಇರುವ ವರ್ಕ್ ಪರ್ಮಿಟ್ ಸೂಚನಾ ಪತ್ರ ಎಲ್ಲಿ? ಅದರಲ್ಲಿರುವ ಶಾಲೆ ಮತ್ತು ನೀವು ಪಾಠ ಮಾಡಬೇಕಾದ ಶಾಲೆ ಒಂದೇ ಆಗಿರಬೇಕು. ಬೇರೆ ಕಡೆ ಪಾಠ ಮಾಡಿದರೆ ಅದೂ ಅಕ್ರಮವೇ. ಆ ಪತ್ರ ನಿಮ್ಮ ಕೈಗೆ ಬರುವವರೆಗೂ ಏಜೆಂಟ್‌ಗೆ ಇನ್ನೊಂದು ರೂಪಾಯಿ ಕೊಡಬೇಡಿ, ದಾವಣಗೆರೆಯ ಶಾಲೆಗೆ ರಾಜೀನಾಮೆಯನ್ನೂ ಕೊಡಬೇಡಿ.